ಚಂದ್ರಂಕಿ ಗೋಡೆಯ ಸ್ಟುಡಿಯೋ

ಒಣಗಿದ ತೆಂಗಿನ ಗರಿಯ ಮೇಲೆ ಯಾರೋ ಎಡೆಬಿಡದೆ ರಾಗಿ ಸುರಿಯುತ್ತಿರುವಂಥ ಸದ್ದು ಅದು. ಸರಸರ, ಸರಸರ. ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ ಸಾವಿರಾರು ರೇಷ್ಮೆ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ಬೆಂಗಳೂರಿನ ಕಾನ್ವೆಂಟ್ ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ, ಅದನ್ನು ಮಳೆಯೆಂದು ತಿಳಿದು ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡಿಬಂದಿದ್ದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮನೆಯವರೆಲ್ಲ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅದೇ ಹೆಚ್ಚು ಅವಮಾನ!

ಅರವತ್ತರ ದಶಕದಲ್ಲಿ ನಾನು ಸ್ಟುಡಿಯೋ ಕಟ್ಟಲು ಹೊರಟಿದ್ದಕ್ಕೂ ಈ ಹುಳುಗಳೇ ಕಾರಣ.

ನನ್ನ ನಾದಿನಿ ಸರಸುವನ್ನು ನಾಗಪುರದ ರೈಲ್ವೆ ನೌಕರರೊಬ್ಬರಿಗೆ ಕೊಟ್ಟಿತ್ತು. ಅವಳಿಗೆ ಏಳು ತಿಂಗಳು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಸೀಮಂತ ಅಲ್ಲೇ ಎಂದು ಕಾಗದ ಬಂತು. ಅತ್ತೆಯವರು ಹುಟ್ಟಿದಾರಭ್ಯ ಚಿಕ್ಕಬಳ್ಳಾಪುರ ದಾಟಿದವರಲ್ಲ. ಕಾಗದ ಓದಿಸಿಕೊಂಡು ಸೊಪ್ಪು ಹೆಚ್ಚುತ್ತಾ ಕೂತರು.

"ಊರೋರ ಹೆಣ್ಮಕ್ಕಳಿಗೆಲ್ಲ ನಾನೇ ಆರತಿ ಹಾಡಿದೀನಿ ಕಣಮ್ಮ ವಿಮಲಾ. ನನ್ ಮಗಳಿಗೆ ಹಾಡೋ ಯೋಗ ಇಲ್ದೆ ಹೋಯ್ತಲ್ಲ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ನನ್ನೊಳಗಿನ ಕಾನ್ವೆಂಟ್ ಎದ್ದು ನಿಂತಿತು. "ಡೋಂಟ್ ವರಿ ಅತ್ತೆ! ನಿಮ್ಮ ಹಾಡನ್ನ ಪೋಸ್ಟಲ್ಲಿ ಕಳಿಸ್ತೀನಿ!"

ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ನಮ್ಮ ಯಜಮಾನರ ಸ್ನೇಹಿತರಾದ ಚಿಂತಾಮಣಿಯ ಡಾಕ್ಟರೊಬ್ಬರ ಬಳಿ ಟೇಪ್ ರೆಕಾರ್ಡರ್ ಇತ್ತು. ಟ್ರಂಕಿನಷ್ಟು ದೊಡ್ಡದು, ಮೇಲೆ ತಿರುಗುವ ಎರಡು ಚಕ್ರ. ಅಂಥದೇ ಒಂದು ನಾಗಪುರದ ರೈಲ್ವೆ ಕ್ಲಬ್ಬಿನಲ್ಲೂ ಇತ್ತು. ನಾಲ್ಕು ದಿನದ ಮಟ್ಟಿಗೆ ಮೆಷಿನ್ನನ್ನೂ, ಅರ್ಧ ಗಂಟೆ ಓಡುವ ಒಂದೇ ಒಂದು ಟೇಪನ್ನೂ ಡಾಕ್ಟರು ಬಸ್ಸಿನಲ್ಲಿಟ್ಟು ಕಳಿಸಿದರು. ನಾಲ್ಕನೇ ದಿನ ಮಧ್ಯಾಹ್ನದ ಬಸ್ಸಿಗೆ ಮೆಷಿನ್ ವಾಪಸ್ಸು ಏರಿಸಬೇಕೆಂಬುದು ಕರಾರು.

ಮೊದಲ ದಿನ ನಡುಮನೆಯಲ್ಲೇ ಪರೀಕ್ಷೆ. ಅತ್ತೆಗೆ ಎರಡು ಮಾತಾಡಲು ಹೇಳಿ, ಆಮೇಲೆ ಟೇಪ್ ಹಾಕಿ ಕೇಳಿದೆವು. ಧೋ ಎಂದು ಮಳೆ! ಆ ಮಳೆಯ ತಳದಲ್ಲೆಲ್ಲೋ ಮುಳುಗಿದವರಂತೆ ಅತ್ತೆಯ ದನಿ.

ನಮ್ಮ ಯಜಮಾನರು ಗಂಭೀರವಾಗಿ ಆಲಿಸಿ, "ಒಳ್ಳೆ ಮಳೆ ಕಣೇ. ಕೆರೆ ಕೋಡಿ ಬೀಳುತ್ತೆ," ಎಂದು ಹೈಸ್ಕೂಲಿಗೆ ಪಾಠ ಮಾಡಲು ಹೊರಟುಹೋದರು.

ಹುಳುಗಳ ಬಾಯಿ ಮುಚ್ಚಿಸಲಾಗದು. ಆದ್ದರಿಂದ ಮನೆಯ ನೆಲಮಾಳಿಗೆಯನ್ನು ಸದರಿ ಕಾರ್ಯಕ್ಕಾಗಿ ವಶಪಡಿಸಿಕೊಳ್ಳತಕ್ಕದ್ದೆಂದು ನಾನು ತೀರ್ಮಾನಿಸಿದೆ. ಹುಣಸೆಹಣ್ಣಿನ ಗಡಿಗೆ, ಬೆಲ್ಲದ ಪೆಟ್ಟಿಗೆ, ಮುರಿದ ತೊಟ್ಟಿಲು, ಮೂರು ತಲೆಮಾರಿನ ಇಲಿಗಳು, ಎಲ್ಲವನ್ನೂ ತೆರವು ಮಾಡಿಸಿದೆ. ಶಾಲೆಯಲ್ಲಿದ್ದಾಗ ಸಿಸ್ಟರ್ ಒಬ್ಬರು ನಮ್ಮನ್ನು ರೇಡಿಯೋ ಸ್ಟುಡಿಯೋ ತೋರಿಸಲು ಕರೆದೊಯ್ದಿದ್ದರು. ಅಲ್ಲಿಯ ಗೋಡೆ ಮೆತ್ತಗಿತ್ತು ಎಂಬುದಷ್ಟೇ ನೆನಪು. ಇಂಜಿನಿಯರಿಂಗಿಗೆ ಅಷ್ಟು ವಿದ್ಯೆ ಸಾಲದೇ?

ಕಂಬಳಿ, ಹಾಸಿಗೆ, ಗೋಣಿತಾಟು ಹೊಡೆದರೂ ಎರಡು ಗೋಡೆ ಬೋಳಾಗಿಯೇ ಉಳಿದವು. ಎರಡನೇ ದಿನ ಕೊಟ್ಟಿಗೆಯಲ್ಲಿ ಮಾವನವರು ಜೋಡಿಸಿಟ್ಟಿದ್ದ ಚಂದ್ರಂಕಿಗಳು ಕಣ್ಣಿಗೆ ಬಿದ್ದವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಅಗಲವಾದ ಬಿದಿರು ಚಾಪೆಗಳು ಅವು. ಮೈತುಂಬ ಸುರುಳಿ ಸುರುಳಿ ಬಿದಿರು ಪಟ್ಟಿ. ಸುರುಳಿಗಳ ನಡುವೆ ಹುಲ್ಲು ತುರುಕಿದರೆ ಎಂಥ ಸದ್ದೂ ಅಲ್ಲೇ ಸಿಕ್ಕಿಕೊಂಡು ಸಾಯಬೇಕು! ಹುಳು ಹಣ್ಣಾಗಲು ಇನ್ನೂ ನಾಲ್ಕು ದಿನವಿದೆ ಎಂದು ಮಾವನವರು ಬೆಳಿಗ್ಗೆಯಷ್ಟೇ ಹೇಳಿ, ಎರಡು ದಿನದ ಕೆಲಸಕ್ಕೆ ಪರವೂರಿಗೆ ಹೋಗಿದ್ದರು. ಹುಳುಗಳ ವಿಷಯದಲ್ಲಿ ಅವರ ಲೆಕ್ಕ ಪಂಚಾಂಗಕ್ಕಿಂತ ಖಚಿತ. ಕೇಳದೆಯೇ ಹನ್ನೆರಡು ಚಂದ್ರಂಕಿ ಇಳಿಸಿ ಗೋಡೆಗೆ ಬಿಗಿದೆ. ಬೀದಿಯ ಗಲಾಟೆ ಕೆಳಗಿಳಿಯದಿರಲೆಂದು ನಡುಮನೆಯ ಕಿಟಕಿಗಳನ್ನೂ ಮುಚ್ಚಿ, ಗೋಣಿ ಜಡಿದೆ. ಮೆಥಡ್ ಎಂದರೆ ಮೆಥಡ್!

ಮೂರನೇ ದಿನ ಎಲ್ಲ ಸಿದ್ಧ. ಅತ್ತೆ ಕೆಳಗಿಳಿದು ಬಂದು ಸುತ್ತ ನೋಡಿದರು.

"ಹಾಡಿ ಅತ್ತೆ."

"ಯಾರಿಗೆ?"

"ಮೆಷಿನ್ನಿಗೆ."

"ಖಾಲಿ ಮಣೆಗೆ ಆರತಿ ಹಾಡ್ತಾರೇನಮ್ಮ? ಅಪಶಕುನ! ಬಸುರಿ ಕೂತಿರ್ಬೇಕು, ಐದು ಜನ ಮುತ್ತೈದೇರು ಇರ್ಬೇಕು, ದೀಪ ಹಚ್ಚಿರ್ಬೇಕು."

ಹಾಡಿನ ಹಿಂದೆ ಇಷ್ಟೊಂದು ಸಲಕರಣೆ ಇದೆಯೆಂದು ನನಗೇನು ಗೊತ್ತು! ನಾಲ್ಕನೇ ದಿನ ಬೆಳಿಗ್ಗೆ ಐವರು ಮುತ್ತೈದೆಯರು ರೇಷ್ಮೆ ಸೀರೆಯುಟ್ಟು ನೆಲಮಾಳಿಗೆಗೆ ಇಳಿದರು. ಬಸುರಿಯ ಜಾಗಕ್ಕೆ ಬೇರೆ ಯಾರೂ ಒಪ್ಪದ್ದರಿಂದ ನಾನೇ ಮಣೆಯ ಮೇಲೆ ಕೂತೆ. ಗುಂಡಿ ಒತ್ತಬೇಕಾದವಳೂ ನಾನೇ ಆದ್ದರಿಂದ ಮೆಷಿನ್ ನನ್ನ ಮಡಿಲಲ್ಲಿ.

ಎದುರು ಮನೆಯ ಪಾಪಮ್ಮ ನನ್ನ ಕೆನ್ನೆ ಸವರಿ, "ಏಮ್ಮಾ, ಒಂದ್ ಮಾತೂ ಹೇಳ್ಲಿಲ್ವಲ್ಲ! ಎಷ್ಟು ತಿಂಗಳು?" ಎಂದರು.

"ನನಗಲ್ಲ ಪಾಪಮ್ಮ, ಸರಸುಗೆ!"

"ಸರಸುಗಾದ್ರೆ ನೀನ್ಯಾಕೆ ಕೂತಿದೀಯ?"

"ರೆಕಾರ್ಡಿಂಗಿಗೆ!"

"ಓಹೋ," ಎಂದರು ಪಾಪಮ್ಮ. ನಂಬಲಿಲ್ಲ. ಸಂಜೆಯೊಳಗೆ ಮೂರು ಬೀದಿಗಳಿಂದ ನನಗೆ ಉಪ್ಪಿನಕಾಯಿ ಬಂತೆಂಬುದನ್ನು ಇಲ್ಲೇ ದಾಖಲಿಸಿಬಿಡುತ್ತೇನೆ.

ಬಾಗಿಲಿಗೆ 'ಸೈಲೆನ್ಸ್' ಎಂದು ಇಂಗ್ಲಿಷಿನಲ್ಲಿ ಬರೆದ ಸ್ಲೇಟು ನೇತುಹಾಕಿದ್ದೆ. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರೇ. ಒಬ್ಬರು ಹೈಸ್ಕೂಲಿನಲ್ಲಿದ್ದರು. ಇನ್ನೊಬ್ಬಳು ಒಳಗಿದ್ದಳು!

ಬಾಗಿಲು ಹಾಕಿ ಹಾಸಿಗೆ ಒತ್ತಿಸಿದೆವು. ದೀಪ ಉರಿಯಿತು, ಊದುಬತ್ತಿ ಹೊಗೆಯಾಡಿತು. ಗಾಳಿಗೆ ದಾರಿಯಿರಲಿಲ್ಲ. ಒಬ್ಬರಾದ ಮೇಲೊಬ್ಬರು ಕೆಮ್ಮಿದರು. ಆದರೂ ನಾನು ಬಗ್ಗಲಿಲ್ಲ. "ರೆಡಿ!" ಎಂದು ಗುಂಡಿ ಒತ್ತಿದೆ. ಚಕ್ರ ತಿರುಗಿತು. ಅತ್ತೆ ಕಣ್ಣು ಮುಚ್ಚಿ, ಮಗಳು ಎದುರಿಗೇ ಕೂತಿದ್ದಾಳೆನ್ನುವಂತೆ ಕೈ ಚಾಚಿ ಎತ್ತಿಕೊಂಡರು:

"ಏಳು ತಿಂಗಳ ಮಗಳೆ, ಹಸಿರು ಬಳೆ ತೊಟ್ಟವಳೆ…"

ನಾನು ಚಕ್ರ ನೋಡುವುದನ್ನೂ ಮರೆತೆ. ಅಷ್ಟರಲ್ಲಿ ಬಾಗಿಲು ಧಡಾರೆಂದು ತೆರೆದು ಹಾಸಿಗೆಯ ಸಮೇತ ಮಾವನವರು ಒಳಗೆ ಬಿದ್ದರು.

"ಹುಳ ಹಣ್ಣಾಗೋಗಿದೆ! ನನ್ ಚಂದ್ರಂಕಿ ಎಲ್ಲೇ?"

ಎದ್ದು ನೋಡುತ್ತಾರೆ, ಚಂದ್ರಂಕಿಗಳು ಹುಲ್ಲು ಮೆತ್ತಿಕೊಂಡು ಗೋಡೆಯ ಮೇಲಿವೆ! "ಅಯ್ಯೋ, ನನ್ ಮನೆ ಹಾಳಾಗೋಯ್ತು! ಕಿಟಕಿಗೆ ಗೋಣಿ ಹೊಡೆದೋರು ಯಾರು? ಶೆಕೆಗೆ ಹುಳ ಎರಡು ದಿನ ಮೊದಲೇ ಹಣ್ಣಾಗಿ ಗೋಡೆ ಹತ್ತುತಾವೆ!"

"ಮಾವ, ಒನ್ ಮಿನಿಟ್, ಹಾಡು…" ಎನ್ನುತ್ತಾ ಮೆಷಿನ್ನನ್ನು ಮಣೆಯ ಮೇಲಿಟ್ಟು ಎದ್ದೆ.

"ಹಾಡಂತೆ! ಎತ್ರೇ ಎಲ್ಲಾರೂ!"

ಹಣ್ಣಾದ ಹುಳು ಯಾರನ್ನೂ ಕಾಯುವುದಿಲ್ಲ. ಚಂದ್ರಂಕಿ ಸಿಗದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುತ್ತಿ ಇಡೀ ಬೆಳೆ ಕೆಡಿಸುತ್ತದೆ. ಅತ್ತೆ ಹಾಡು ಬಿಟ್ಟು ಗೋಡೆಯ ಹಗ್ಗಕ್ಕೆ ಕೈ ಹಾಕಿದರು. "ನೋಡ್ತಾ ನಿಂತ್ಯಲ್ಲೇ ವಿಮಲಾ! ಮೊದಲು ಹುಲ್ಲು ಕೀಳೇ!" ನನ್ನ ಸ್ಟುಡಿಯೋ ಐದು ನಿಮಿಷದಲ್ಲಿ ಮತ್ತೆ ನೆಲಮಾಳಿಗೆಯಾಯಿತು. ಐವರು ಮುತ್ತೈದೆಯರೂ ಸೆರಗು ಸಿಕ್ಕಿಸಿ, ಆರತಿ ತಟ್ಟೆಗಳಲ್ಲೇ ಹುಳು ಆರಿಸಲು ಮೇಲಕ್ಕೂ ಕೆಳಕ್ಕೂ ಓಡಿದರು. ನಾನೂ ಆರಿಸಿದೆ. ಬೆಳೆ ಉಳಿಯಿತು.

ಮಧ್ಯಾಹ್ನ ಕೆಳಗೆ ಹೋಗಿ ನೋಡಿದರೆ ಮೆಷಿನ್ ಒಂದೇ ತಿರುಗುತ್ತಿತ್ತು. ನಾನು ನಿಲ್ಲಿಸಲು ಮರೆತಿದ್ದೆ! ಟೇಪ್ ಪೂರ್ತಿ ತುಂಬಿತ್ತು: ಅರ್ಧ ಸಾಲು ಹಾಡು, ಉಳಿದದ್ದೆಲ್ಲ ಯುದ್ಧ. ಅಳಿಸಿ ಮತ್ತೆ ತುಂಬೋಣವೆಂದರೆ ಕಂಡಕ್ಟರು ಬಾಗಿಲಲ್ಲಿ ನಿಂತು, "ಬಸ್ ಹೊರಡ್ತದೆ, ಕೊಡೀಮ್ಮಾ," ಎನ್ನುತ್ತಿದ್ದ. ಸೀಮಂತಕ್ಕೆ ಉಳಿದದ್ದು ಒಂದೇ ವಾರ. ಹಟ ಬಿಡದ ನಾನು ಆ ಟೇಪನ್ನೇ ಬಟ್ಟೆಯಲ್ಲಿ ಹೊಲಿದು ನಾಗಪುರಕ್ಕೆ ಪೋಸ್ಟ್ ಮಾಡಿದೆ.

ಮೂರು ವಾರದ ಮೇಲೆ ಸರಸುವಿನ ಕಾಗದ ಬಂತು. ಸೀಮಂತದ ದಿನ ಕ್ಲಬ್ಬಿನ ಹೆಂಗಸರೆಲ್ಲ ಸೇರಿದ್ದರಂತೆ. ಒಬ್ಬರಿಗೂ ಕನ್ನಡ ಬಾರದು. ಟೇಪ್ ಹಾಕಿದೊಡನೆ ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದು, ಮಾವನವರು 'ನನ್ ಮನೆ ಹಾಳಾಗೋಯ್ತು' ಎಂದು ಕೂಗುವಷ್ಟು ಹೊತ್ತೂ ಭಕ್ತಿಯಿಂದ ಆರತಿ ಎತ್ತಿದರಂತೆ! ನಿಮ್ಮ ಕಡೆಯ ಮಂತ್ರದಲ್ಲಿ ಎಂಥ ಶಕ್ತಿ ಇದೆ ಎಂದರಂತೆ ಒಬ್ಬ ಬಂಗಾಲಿ ಹೆಂಗಸು. ನಮ್ಮ ಯಜಮಾನರು ಕಾಗದ ಓದುತ್ತಿದ್ದರೆ ಅತ್ತೆ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಸುಮ್ಮನೆ ಒಳಗೆ ಹೋದರು.

ಇನ್ನೊಂದು ಟೇಪ್ ತರಿಸಿ ಸರಿಯಾಗಿ ಮಾಡೋಣ ಎಂದು ವರ್ಷ ವರ್ಷವೂ ಅವರಿಗೆ ಹೇಳಿದೆ. "ಮಾಡಣ ಬಿಡಮ್ಮ," ಎನ್ನುತ್ತಿದ್ದರು. ಮಾಡಲಿಲ್ಲ. ಒಂದು ಬೇಸಿಗೆ, ಎರಡೇ ದಿನದ ಕಾಯಿಲೆಯಲ್ಲಿ, ಅತ್ತೆ ಹೋಗಿಬಿಟ್ಟರು.

ಸರಸುವನ್ನು ನಾನು ಕೊನೆಯ ಸಲ ನೋಡಿದ್ದು ಅದಾದ ಮೇಲೆ, ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ. ಮಂಚೇನಹಳ್ಳಿಯ ನೆಂಟರ ಮನೆಗೆ ಬಂದಿದ್ದವಳನ್ನು ಕಳಿಸಿಕೊಡಲು ಹೋಗಿದ್ದೆ. ಬಸ್ಸಿನ ಕಿಟಕಿ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ಆ ಹಾಡು ಪೂರ್ತಿ ಹೇಳ್ಕೊಡಿ. ನನ್ನ ಹತ್ರ ಇರೋದು ಅರ್ಧ ಸಾಲು. ನೀವು ಅಮ್ಮನ ಜೊತೆ ಅಷ್ಟು ವರ್ಷ ಇದ್ರಲ್ಲ."

ನಾನು ಬಾಯಿ ತೆರೆದೆ. "ಏಳು ತಿಂಗಳ ಮಗಳೆ, ಹಸಿರು ಬಳೆ ತೊಟ್ಟವಳೆ…" ಎಂದೆ. ಮುಂದೆ ಬರಲಿಲ್ಲ. ಗೋಡೆಗೆ, ಕಿಟಕಿಗೆ, ಮೆಷಿನ್ನಿಗೆ ಅಷ್ಟೆಲ್ಲ ಮಾಡಿದವಳು, ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ಒಂದು ಸಲ ಕಲಿತುಕೊಂಡಿರಲಿಲ್ಲ.

ಸರಸು ಕಣ್ಣೊರೆಸಿಕೊಂಡು ನಕ್ಕಳು. "ಹೋಗ್ಲಿ ಬಿಡಿ ಅತ್ತಿಗೆ. ನೀವು ಇಂಜಿನಿಯರು!"

ಬಸ್ಸು ಹೊರಟಿತು. ಇಂಜಿನಿಯರು ಕೈ ಬೀಸುತ್ತಾ ನಿಂತಿದ್ದಳು.