ಹುಳು ಹಣ್ಣಾದ ದಿನ ಹೇಳಿದ ಬುದ್ಧಿ

ಎಲ್ಲಕ್ಕೂ ಕಾರಣ ಒಂದು ಪ್ಯಾಂಟು.

ಚನ್ನಕೇಶವ ಬೆಂಗಳೂರಿನ ಕಾಲೇಜಿನಿಂದ ಊರಿಗೆ ವಾಪಸು ಬಂದಾಗ ಅದನ್ನು ಹಾಕಿಕೊಂಡು ಬಸ್ಸಿನಿಂದ ಇಳಿದಿದ್ದ. ಶಿಡ್ಲಘಟ್ಟದ ಕಡೆಯ ನಮ್ಮಂಥ ಹಳ್ಳಿಯಲ್ಲಿ ಆಗ ಪ್ಯಾಂಟು ಅಂದರೆ ಸರ್ಟಿಫಿಕೇಟು. ಪಾಸಾದೆಯೇನಪ್ಪ ಎಂದು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಮೊದಲ ವರ್ಷ ಊರಿನವರೇ ಅವನನ್ನು ಪಿ.ಯು.ಸಿ. ಪಾಸು ಮಾಡಿಸಿದರು. ಎರಡನೆಯ ವರ್ಷ ಬಿ.ಎ. ಅಂದರು. ಅವನು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತ ನಿಂತಿದ್ದ ಹಾಗೆಯೇ ನಾಲ್ಕನೆಯ ವರ್ಷಕ್ಕೆ ಆನರ್ಸೂ ಆಗಿಹೋಯಿತು.

ನಿಜ ಏನೆಂದರೆ ಅವನು ಪಿ.ಯು.ಸಿ. ಪರೀಕ್ಷೆಗೇ ಕೂತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಅಪ್ಪ ಮುನಿವೆಂಕಟಪ್ಪನಿಂದ ತಂತಿ ಬಂದಿತ್ತು: ‘ಹುಳು ಹಣ್ಣು. ಕೂಡಲೆ ಬಾ.’

ರೇಷ್ಮೆ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಜ್ವರ ಎದ್ದ, ಅಂದರೆ ನಾಲ್ಕು ಸಲ ಪೊರೆ ಬಿಟ್ಟ ಹುಳು ಒಂದು ವಾರ ರಾಕ್ಷಸನ ಹಾಗೆ ಸೊಪ್ಪು ತಿಂದು, ಒಂದು ದಿನ ತಟ್ಟನೆ ಊಟ ಬಿಡುತ್ತದೆ. ಮೈ ಹಳದಿಗೆ ತಿರುಗಿ ಮಿರಮಿರ ಹೊಳೆಯುತ್ತದೆ, ತಲೆ ಎತ್ತಿ ಅತ್ತ ಇತ್ತ ನೋಡುತ್ತದೆ. ಅದೇ ಹಣ್ಣಾಗುವುದು. ಆಗ ಒಂದೊಂದನ್ನೂ ಕೈಯಲ್ಲಿ ಆಯ್ದು ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆ ತಟ್ಟಿಗೆ ಬಿಡಬೇಕು. ಅರ್ಧ ದಿನ ತಡವಾದರೆ ಇದ್ದಲ್ಲೇ, ಕಸಕಡ್ಡಿಯಲ್ಲೇ ನೂಲು ಸುತ್ತಿಕೊಂಡು ಕೂರುತ್ತದೆ, ಬೆಳೆ ಹಾಳು. ಹಾಗಾಗಿ ಹುಳು ಹಣ್ಣಾದ ಮನೆ ಅಂದರೆ ಬೆಂಕಿ ಬಿದ್ದ ಮನೆ. ಬೀದಿಯವರೆಲ್ಲ ಬಂದು ಆಯಬೇಕು. ಚನ್ನಕೇಶವ ಬಂದ, ಎರಡು ದಿನ ಆಯ್ದ, ತಿರುಗಿ ಹೋಗುವಷ್ಟರಲ್ಲಿ ಪರೀಕ್ಷೆಯ ಬಾಗಿಲು ಹಾಕಿತ್ತು.

ಈಗ ಅವನಿಗೆ ಇಪ್ಪತ್ತೆರಡು. ಬೆಂಗಳೂರಿನಲ್ಲಿ ನಾಲ್ಕು ತಿಂಗಳು ಕೂತು ಓದಿ, ಬಾಕಿ ಉಳಿದ ಪರೀಕ್ಷೆಯನ್ನು ಸೆಪ್ಟೆಂಬರಿನಲ್ಲಿ ಯಾರಿಗೂ ತಿಳಿಯದ ಹಾಗೆ ಬರೆದುಬಿಡಬೇಕೆಂದು ಅವನ ಆಸೆ. ಅಪ್ಪನಿಗೆ ‘ಇನ್ನೂ ದೊಡ್ಡದು ಓದ್ತೀನಿ’ ಎಂದಿದ್ದ. ‘ಈ ಬೆಳೆ ಗೂಡಾಗ್ಲಿ, ಆ ದುಡ್ಡಲ್ಲಿ ಹೋಗು’ ಎಂದಿದ್ದ ಅಪ್ಪ. ಮೂವತ್ತು ತಟ್ಟೆ ಹುಳು ಅಟ್ಟಣಿಗೆ ತುಂಬ ಮಲಗಿದ್ದವು. ಅವನ ಪರೀಕ್ಷೆ ಪೂರ್ತಿ ಅವುಗಳ ಹೊಟ್ಟೆಯಲ್ಲಿತ್ತು.

ಅವತ್ತು ಬೆಳಗ್ಗೆ ಹೈಸ್ಕೂಲಿನ ಹೆಡ್‌ಮಾಸ್ಟರು ಪುಟ್ಟಸ್ವಾಮಯ್ಯನವರು ತಾವೇ ಮನೆಗೆ ಬಂದರು.

“ಕೇಶವ, ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಹತ್ತು ದಿನಕ್ಕೆ ಪರೀಕ್ಷೆ. ಆಮೇಲೆ ಕಾಲೇಜು. ಕಾಲೇಜಲ್ಲಿ ಹೆಂಗಿರಬೇಕು ಅಂತ ನೀನು ನಾಲ್ಕು ಬುದ್ಧಿಮಾತು ಹೇಳಬೇಕಪ್ಪ. ಊರಲ್ಲಿ ಕಾಲೇಜು ಕಂಡೋನು ನೀನೊಬ್ನೆ.”

“ಸಾರ್, ಇವತ್ತು ಮಧ್ಯಾಹ್ನಕ್ಕೆ ಹುಳು ಹಣ್ಣಾಗುತ್ತೆ” ಎಂದ ಚನ್ನಕೇಶವ, ಬದುಕಿದೆ ಅಂದುಕೊಂಡು.

“ಅದಕ್ಕೇನಂತೆ. ಭಾಷಣ ಮುಗಿದ ತಕ್ಷಣ ಕ್ಲಾಸಿಗೆ ಕ್ಲಾಸೇ ನಿಮ್ಮನೇಗೆ ಕಳಿಸ್ತೀನಿ. ನಲವತ್ತು ಮಕ್ಕಳು, ಎಂಬತ್ತು ಕೈ.”

ಮುನಿವೆಂಕಟಪ್ಪನ ಮುಖ ಹೊಸ ಲಾಂದ್ರದಂತೆ ಬೆಳಗಿತು. “ಹೋಗೋ, ಹೋಗಿ ಹೇಳ್ಬಿಟ್ಟು ಬಾ. ನಾನು ಬೀದಿಯವರನ್ನೂ ಕರೆಯಲ್ಲ, ಮಕ್ಕಳು ಸಾಕು. ಪುರಿ ಬೆಲ್ಲ ತರಿಸಿಡ್ತೀನಿ.”

ಅಮ್ಮ ಕದಿರಮ್ಮ ಪೆಟ್ಟಿಗೆಯ ತಳದಿಂದ ಪ್ಯಾಂಟು ತೆಗೆದಳು. ನಾಲ್ಕು ವರ್ಷದಲ್ಲಿ ಮುದ್ದೆ ಉಂಡ ಮೈಗೂ ಅದಕ್ಕೂ ಹೊಂದಾಣಿಕೆ ತಪ್ಪಿತ್ತು. ಉಸಿರು ಎಳೆದುಕೊಂಡು ಗುಂಡಿ ಹಾಕಿದ. ಹುಳುವಿನ ಮನೆಯ ಗೂಟದಲ್ಲಿ ನೇತುಹಾಕಿದ್ದ ಕರಿ ಕೋಟನ್ನು ಮೇಲೆ ಹಾಕಿಕೊಂಡು, ಕೂರಲಾರದವನ ಹಾಗೆ ನೆಟ್ಟಗೆ ಹೊರಟ.

ಪಕ್ಕದ ಮನೆ ಕೊಂಡಮ್ಮ ಜಗಲಿಯಲ್ಲೇ ತಡೆದಳು. “ಏಮಿರಾ ಕೇಶವ, ಭಾಷಣ ಅಂತಲ್ಲ? ಹೋಟೆಲಲ್ಲಿ ಕಾಫಿ ಕುಡೀಬೇಡಿ ಅಂತ ಹೇಳಪ್ಪ. ಕಾಫಿ ಕುಡಿದ್ರೆ ಕಪ್ಪಗಾಗ್ತಾರೆ, ಆಮೇಲೆ ಹೆಣ್ಣು ಸಿಗಲ್ಲ.”

“ಹೇಳಲ್ಲ ಕೊಂಡಮ್ಮತ್ತೆ.”

“ಹೇಳಲ್ವಾ? ಬಿ.ಎ. ಓದಿದ್ದು ಇದಕ್ಕೇನಾ?”

ಹತ್ತು ಹೆಜ್ಜೆಗೆ ಹೋಟೆಲು ಆವಲಪ್ಪ ದೋಸೆಯ ಸೌಟು ಹಿಡಿದೇ ಬಂದ. “ಕೊಂಡಮ್ಮ ಏನಂದ್ಲು? ಅದನ್ನ ಮಾತ್ರ ಹೇಳ್ಬೇಡ. ಕಾಲೇಜಿನೋರು ದಿನಾ ಕಾಫಿ ಕುಡಿದ್ರೇನೇ ಇಂಗ್ಲೀಷು ಬರೋದು ಅಂತ ಹೇಳು. ಒಂದ್ಸಲ ಹೇಳು ಸಾಕು.”

“ಇದೂ ಹೇಳಲ್ಲ.”

“ಮತ್ತೇನ್ ಹೇಳ್ತೀಯೋ?”

ಸ್ಕೂಲಿನ ಗೇಟಿನಲ್ಲಿ ಪಂಚಾಯ್ತಿ ಛೇರ್ಮನ್ನರು ವೆಂಕಟರಾಮಪ್ಪ ಕಾದಿದ್ದರು. ಅವತ್ತಿನ ಸಭೆಗೆ ಅವರೇ ಅಧ್ಯಕ್ಷರು. ಅವರ ಮಗಳು ಮಂಗಮ್ಮ ಕ್ಲಾಸಿಗೆ ಮೊದಲನೆಯವಳು, ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ಹಟ ಹಿಡಿದಿದ್ದಳು.

“ನೋಡು ಕೇಶವ, ಉಳಿದದ್ದು ಏನಾರ ಹೇಳ್ಕೊ. ಹಿರಿಯರ ಮಾತು ಮೀರಬಾರದು ಅನ್ನೋದನ್ನ ಮೂರು ಸಲ ಹೇಳು. ಕೊನೇ ಸಲ ನಮ್ಮ ಮಂಗಿ ಕಡೆ ನೋಡ್ಕೊಂಡು ಹೇಳು.”

ಚನ್ನಕೇಶವನಿಗೆ ರೇಗಿತು. ನಾಲ್ಕು ವರ್ಷ ತನ್ನ ಓದನ್ನು ಊರೇ ಓದಿತ್ತು, ಈಗ ತನ್ನ ಮಾತನ್ನೂ ಊರೇ ಆಡಲು ಬಂದಿದೆ. “ಮೂರು ಸಲ ಅಲ್ಲ, ಒಂದು ಸಲಾನೂ ಹೇಳಲ್ಲ” ಅಂದುಕೊಂಡು ಒಳಗೆ ಹೋದ.

ಹೆಡ್‌ಮಾಸ್ಟರು ಎದ್ದು, “ನಮ್ಮೂರಿನ ಹೆಮ್ಮೆಯ ಪುತ್ರ, ಬಿ.ಎ. ಆನರ್ಸ್, ಮೊದಲನೇ ದರ್ಜೆ” ಎಂದರು. ದರ್ಜೆ ಅವತ್ತೇ ಸೇರಿಕೊಂಡಿದ್ದು. ಮಕ್ಕಳು ಚಪ್ಪಾಳೆ ತಟ್ಟಿದರು. ಚನ್ನಕೇಶವ ಎದ್ದು ನಿಂತಾಗ ಪ್ಯಾಂಟಿನ ಹಿಂದುಗಡೆ ಏನೋ ಸಣ್ಣಗೆ ‘ಪರ್’ ಎಂದಿತು. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತುಕೊಂಡ.

“ಮಕ್ಕಳೇ” ಎಂದ. ಮುಂದಿನ ಸಾಲಿನಲ್ಲಿ ಕಿಸಕಿಸ ಶುರುವಾಯಿತು. ಮಂಗಮ್ಮ ಕೈ ಎತ್ತಿದಳು.

“ಸಾರ್, ನಿಮ್ಮ ಕೋಟಿನ ಮೇಲೆ ಹುಳು.”

ಕಾಲರಿನ ಮೇಲೆ ಒಂದು ಹುಳು ಕೂತಿತ್ತು. ಹಣ್ಣು ಹುಳು, ಬಂಗಾರದ ಬಣ್ಣ. ತಲೆ ಎತ್ತಿ ಸಭೆಯನ್ನೆಲ್ಲ ನೋಡಿ, ಜಾಗ ಪರವಾಗಿಲ್ಲ ಎಂಬಂತೆ ಮೊದಲನೆಯ ಎಳೆ ಹಾಕಿತು. ಅದನ್ನು ನೋಡುತ್ತಿದ್ದ ಹಾಗೆ ಚನ್ನಕೇಶವನ ಬಾಯಿಗೆ ನಾಲ್ಕು ವರ್ಷದ ಹಿಂದಿನ ತಂತಿ ಬಂದು ನಿಂತಿತು.

“ನಾನು ಬಿ.ಎ. ಅಲ್ಲ” ಎಂದ. “ಪಿ.ಯು.ಸಿ.ನೂ ಅಲ್ಲ. ಪರೀಕ್ಷೆಗೆ ಕೂತೇ ಇಲ್ಲ.”

ಹೆಡ್‌ಮಾಸ್ಟರು ಗಾಬರಿಯಿಂದ ಎದ್ದು, “ಉದಾಹರಣೆಗೆ ಹೇಳ್ತಿದಾರೆ ಮಕ್ಕಳೇ, ಉದಾಹರಣೆಗೆ” ಎಂದರು.

“ಉದಾಹರಣೆ ಅಲ್ಲ ಸಾರ್, ನಿಜ. ಹುಳು ಹಣ್ಣಾಗಿದೆ ಬಾ ಅಂದ್ರು, ಬಂದೆ. ಹುಳು ಅವತ್ತು ಗೂಡು ಕಟ್ಕೊಂಡು ಹೋಯ್ತು, ನಾನು ತಟ್ಟೇಲೇ ಉಳ್ಕೊಂಡೆ. ಕೇಳಿ, ಕಾಲೇಜಲ್ಲಿ ಕಾಫಿ ಕುಡಿದ್ರೂ ಆಗುತ್ತೆ, ಬಿಟ್ರೂ ಆಗುತ್ತೆ. ಇಂಗ್ಲೀಷು ಮೊದಮೊದಲು ಒಂದಕ್ಷರ ಅರ್ಥವಾಗಲ್ಲ. ಪಕ್ಕದೋನಿಗೂ ಆಗಿರಲ್ಲ, ಅವನು ತಲೆ ಆಡಿಸ್ತಿರ್ತಾನೆ ಅಷ್ಟೆ. ಹೆದರಬೇಡಿ. ಪರೀಕ್ಷೆ ಹತ್ರ ಬಂದಾಗ ಮಾತ್ರ ಯಾರು ಕರೆದರೂ ಏಳಬೇಡಿ. ತಂತಿ ಬಂದ್ರೂ ಏಳಬೇಡಿ. ಅಪ್ಪನೇ ಬಂದು ಬಾಗಿಲಲ್ಲಿ ನಿಂತರೂ ಏಳಬೇಡಿ. ಹುಳು ವರ್ಷಕ್ಕೆ ಐದು ಸಲ ಹಣ್ಣಾಗುತ್ತೆ. ನೀವು ಆಗೋದು ಒಂದೇ ಸಲ.”

ಛೇರ್ಮನ್ನರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮಕ್ಕಳು ತಟ್ಟಿದ ಚಪ್ಪಾಳೆಗೆ ಮಾಡಿನ ಹಂಚಿನಲ್ಲಿದ್ದ ಪಾರಿವಾಳ ಎದ್ದುಹೋದವು. ಚನ್ನಕೇಶವನಿಗೆ ನಾಲ್ಕು ವರ್ಷದ ಮೇಲೆ ಮೊದಲ ಸಲ ಮೈ ಹಗುರವಾಯಿತು. ಮರ್ಯಾದೆ ಹೋದರೆ ಹೋಗಲಿ, ಬೆಳೆ ಗೂಡಾಗುತ್ತದೆ, ಸೆಪ್ಟೆಂಬರಿನಲ್ಲಿ ನೇರವಾಗಿ ಹೋಗಿ ಬರೆಯುತ್ತೇನೆ, ಇನ್ನು ಕದ್ದು ಬರೆಯುವ ಹಂಗಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ಮುನಿವೆಂಕಟಪ್ಪ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ. ಹೆಗಲ ಟವಲು ಕೈಗೆ ಬಂದಿತ್ತು.

“ಸ್ವಾಮಿ, ಮೂವತ್ತು ತಟ್ಟೇನೂ ಒಟ್ಟಿಗೇ ಹಣ್ಣಾಗೋಯ್ತು. ಮಕ್ಕಳ್ನ ಕಳ್ಸಿ, ಬೇಗ.”

“ಏಳ್ರಪ್ಪ, ಹೊರಡಿ” ಎಂದರು ಹೆಡ್‌ಮಾಸ್ಟರು.

ಯಾರೂ ಏಳಲಿಲ್ಲ. ನಲವತ್ತು ಮಕ್ಕಳು ಬೆಂಚಿಗೆ ಮೊಳೆ ಹೊಡೆದ ಹಾಗೆ ಕೂತಿದ್ದರು. ಮಂಗಮ್ಮ ಕೂತಲ್ಲಿಂದಲೇ ಹೇಳಿದಳು: “ನಾವು ಬರಲ್ಲ ಸಾರ್. ಹತ್ತು ದಿನಕ್ಕೆ ಪರೀಕ್ಷೆ. ಓದ್ಕೋಬೇಕು.”

“ಏಳೇ ಮೇಲೆ” ಎಂದು ಛೇರ್ಮನ್ನರು ಗದರಿದರು.

“ಅಪ್ಪನೇ ಬಂದು ಹೇಳಿದ್ರೂ ಏಳಬೇಡಿ ಅಂದಿದಾರೆ ಕಣಪ್ಪ.”

“ಯಾವನಮ್ಮ ಅಂಗಂದೋನು?” ಎಂದ ಮುನಿವೆಂಕಟಪ್ಪ.

ನಲವತ್ತು ಬೆರಳು ಒಟ್ಟಿಗೆ ಗೋಡೆಯ ಕಡೆಗೆ ತಿರುಗಿದವು.

ಚನ್ನಕೇಶವ ಮಕ್ಕಳ ಮುಖ ನೋಡಿದ. “ಇವತ್ತೊಂದಿನ ಬನ್ರಪ್ಪ” ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಇದೇ ಮಾತಿಗೆ ತಾನು ಎದ್ದು ಬಂದಿದ್ದು ನೆನಪಾಯಿತು. ನುಂಗಿಕೊಂಡ.

“ಸರಿಯಾಗೇ ಹೇಳ್ತಿದಾರೆ. ನಡಿಯಪ್ಪ, ನಾವೇ ಆಯೋಣ” ಎಂದು ಓಡಿದ. ಓಟಕ್ಕೆ ಪ್ಯಾಂಟು ಪೂರ್ತಿ ಎರಡು ಹೋಳಾಯಿತು. ಕೊಂಡಮ್ಮನನ್ನು ಕರೆದರೆ, “ನನ್ನ ಮಾತು ಹೇಳಿದ್ಯಾ?” ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಆವಲಪ್ಪನಿಗೆ ದೋಸೆ ಹೊತ್ತುವ ಹೊತ್ತು. ಉಳಿದವರು ಕೆಲಸಕ್ಕೆ ಹೋಗಿ ಬೀದಿ ಖಾಲಿಯಿತ್ತು.

ಮೂರು ಜನ, ಆರು ಕೈ. ಬೆರಳು ಮರಗಟ್ಟುವ ತನಕ ಆಯ್ದರು. ಸಂಜೆಯ ಹೊತ್ತಿಗೆ ಹುಳುಗಳು ಕಾಯುವುದನ್ನು ಬಿಟ್ಟು ಸಿಕ್ಕಿದಲ್ಲಿ ಸುತ್ತಿಕೊಳ್ಳತೊಡಗಿದವು. ತಟ್ಟೆಯ ಅಂಚಿನಲ್ಲಿ, ಒಣಗಿದ ದಂಟಿನಲ್ಲಿ, ಎರಡೆರಡು ಒಂದೇ ಗೂಡಿನಲ್ಲಿ.

“ಇನ್ನ ಬೆಂಗಳೂರು ಮುಂದಿನ ವರ್ಷ ನೋಡಣ” ಎಂದ ಮುನಿವೆಂಕಟಪ್ಪ ಗೋಡೆಗೊರಗಿ. ಟವಲಿನಲ್ಲಿ ಮುಖ ಒರೆಸಿಕೊಂಡು, “ಪರೀಕ್ಷೆಗೆ ಕೂತಿಲ್ಲ ಅಂದ್ಯಂತೆ ಸ್ಕೂಲಲ್ಲಿ. ನಿಜವಾಗ್ಲೂ ಕೂತಿರಲಿಲ್ವಾ?” ಎಂದ.

“ಇಲ್ಲ.”

“ತಂತಿಯಿಂದ?”

“ಹೂಂ.”

ಅಪ್ಪ ಹುಳುವನ್ನೇ ನೋಡುತ್ತ ಕೂತ. “ನಾಳೆ ಹೋಗಿ, ನಾನು ಹೇಳಿದ್ದು ತಪ್ಪು, ಮುಂದಿನ ಬೆಳೇಗಾದ್ರೂ ಬನ್ನಿ ಅಂತ ಹೇಳ್ಬಿಡು ಆ ಮಕ್ಕಳಿಗೆ.”

“ಹೇಳಲ್ಲ ಕಣಪ್ಪ.”

“ಮೊಂಡ” ಎಂದ ಅಪ್ಪ, ಅಷ್ಟೇನೂ ಕೋಪವಿಲ್ಲದೆ.

ನಾಲ್ಕು ದಿನಕ್ಕೆ ಗೂಡು ಬಿಡಿಸಿದರು. ಶಿಡ್ಲಘಟ್ಟದಿಂದ ಬಂದ ವ್ಯಾಪಾರಿ ಒಂದೊಂದೇ ಬುಟ್ಟಿಗೆ ಕೈ ಹಾಕಿ, ತುಟಿ ಓರೆ ಮಾಡಿ, ಕೈ ಒರೆಸಿಕೊಂಡ. ಎಲ್ಲ ಕಲೆ ಬಿದ್ದ ಗೂಡು, ಎಲ್ಲ ಜೋಡಿ ಗೂಡು. ಆಮೇಲೆ ಗೋಡೆಯ ಕಡೆ ನೋಡಿ ಅವನ ಕಣ್ಣು ಅರಳಿತು.

“ಇಂಥ ಗೂಡಿರಬೇಕು ನೋಡಿ. ಏನು ಗಟ್ಟಿ, ಏನು ಹೊಳಪು. ಈ ಜಾತಿದು ಇನ್ನೆಷ್ಟಿದೆ?”

ಅದೊಂದೇ ಇತ್ತು. ಗೂಟಕ್ಕೆ ತೂಗುಹಾಕಿದ್ದ ಕರಿ ಕೋಟಿನ ಕಾಲರಿನ ಮೇಲೆ.