ಬರೀ ಚಹಾ, ಎರಡು ಬಿಸ್ಕೀಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬಂದವರನ್ನು ಬರೀ ಚಹಾ ಕೊಟ್ಟು ಕಳಿಸುವುದು ನನ್ನಿಂದ ಆಗುವುದಿಲ್ಲ. ಇದನ್ನು ನಾನು ಬಹಳ ವರ್ಷ ಸದ್ಗುಣ ಅಂತಲೇ ತಿಳಿದಿದ್ದೆ. ಹುಬ್ಬಳ್ಳಿಯಲ್ಲಿ ನಮ್ಮವ್ವ ಹಾಗೇ ಇದ್ದಳು. ಪೋಸ್ಟಿನವನು ಬರೀ ಒಂದು ಸಹಿ ಹಾಕಿಸಿಕೊಳ್ಳಲು ಬಂದರೂ ಅವನ ಕೈಗೆ ಒಂದು ತಾಟು ಅವಲಕ್ಕಿ ಬೀಳುತ್ತಿತ್ತು. ಲಂಡನ್ನಿನ ಕಿಂಗ್ಸ್‌ಬರಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಆ ಗುಣ ನನ್ನನ್ನು ಬಿಟ್ಟಿಲ್ಲ. ಬಾಯ್ಲರ್ ರಿಪೇರಿಗೆ ಬರುವ ಪೋಲೆಂಡಿನ ಮನುಷ್ಯ ನಮ್ಮ ಮನೆಯ ಉಪ್ಪಿಟ್ಟನ್ನು ಹೆಸರು ಹಿಡಿದು ಕೇಳುತ್ತಾನೆ. ಕಳೆದ ಚಳಿಗಾಲದಲ್ಲಿ ಬಾಯ್ಲರ್ ನೆಟ್ಟಗಿದ್ದಾಗಲೂ ಬಂದು, "ಈ ಕಡೆ ಬಂದಿದ್ದೆ, ಒಮ್ಮೆ ನೋಡಿಹೋಗೋಣ ಅಂತ" ಎಂದ. ಬಾಯ್ಲರ್ ಇರುವುದು ಮಹಡಿಯ ಮೇಲೆ. ಅವನು ನೋಡುತ್ತಿದ್ದದ್ದು ಒಲೆಯ ಕಡೆಗೆ. ನನ್ನ ಗಂಡ ದೇವದಾನಪ್ಪ ಇದನ್ನೆಲ್ಲ ಕಂಡು, "ಸುಶೀಲಾ, ಇದು ಅತಿಥಿಸತ್ಕಾರ ಅಲ್ಲ, ಜಡ್ಡು" ಅನ್ನುತ್ತಾರೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳಿಗೆ ಜಡ್ಡು ಯಾವುದು ಅಂತ ಹೇಳಿಕೊಡಲು ಬರುತ್ತಾರೆ, ನೋಡಿ!

ನಮ್ಮದೊಂದು ಸಣ್ಣ ಬೈಬಲ್ ಅಧ್ಯಯನದ ಗುಂಪಿದೆ. ನಾಲ್ಕು ಮನೆ, ಹನ್ನೆರಡು ಜನ, ಶನಿವಾರ ಸಂಜೆ, ಪಾಳಿಯ ಪ್ರಕಾರ ವಾರಕ್ಕೊಂದು ಮನೆ. ಕಿಂಗ್ಸ್‌ಬರಿಯಲ್ಲಿ ನಾವು, ಸ್ಟ್ಯಾನ್ಮೋರಿನಲ್ಲಿ ಪ್ರಾಧ್ಯಾಪಕರೊಬ್ಬರ ಹೆಂಡತಿ ಮಂಗಳೂರಿನ ಲೀನಾ ಅಕ್ಕ, ಹ್ಯಾರೋದಲ್ಲಿ ಒಂದು ಬಳ್ಳಾರಿಯ ಕುಟುಂಬ, ಮತ್ತೆ ಹೋದ ವರ್ಷ ಬಂದು ಸೇರಿಕೊಂಡ ಹೊಸ ಜೋಡಿ, ಕೊಲಿಂಡೇಲಿನ ಫ್ಲ್ಯಾಟಿನಲ್ಲಿರುವ ರೂತ್ ಮತ್ತು ಅಭಿಷೇಕ್. ಪ್ರಾರ್ಥನೆಯಲ್ಲಿ ನಮಗೆಂದೂ ಭಿನ್ನಾಭಿಪ್ರಾಯ ಬಂದಿಲ್ಲ. ಬಂದದ್ದೆಲ್ಲ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿ. ಓದು ಒಂದು ತಾಸು, ಊಟ ಎರಡು ತಾಸು. ಲೀನಾ ಅಕ್ಕನ ಮನೆಯಲ್ಲಿ ಕೋಳಿ ಸಾರಿನ ವಾಸನೆ ಎದ್ದ ದಿನ ಪ್ರಾರ್ಥನೆ ಅರ್ಧದಲ್ಲಿದ್ದಾಗಲೇ ಯಾರೋ "ಆಮೆನ್" ಅಂದುಬಿಟ್ಟರು. ಯಾರು ಅಂತ ನಾನು ಹೇಳುವುದಿಲ್ಲ. ಅವರ ಜೊತೆ ನಾನು ಬಾಳಬೇಕು.

ಈ ವರ್ಷ ಹೊಸ ಕ್ರಮ ಮಾಡಿಕೊಂಡೆವು. ಅಧ್ಯಾಯದ ಮೇಲೆ ಅಧ್ಯಾಯ ಓದಿ ಮುಗಿಸುವುದರಲ್ಲಿ ಏನಿದೆ, ಓದಿದ್ದು ನಡತೆಗೆ ಬರಬೇಕಲ್ಲವೇ? ಹಾಗಾಗಿ ಯೇಸುಸ್ವಾಮಿಯ ಒಂದೊಂದೇ ಗುಣವನ್ನು ತೆಗೆದುಕೊಂಡು, ತಿಂಗಳುಗಟ್ಟಲೆ ಅದನ್ನೇ ಓದಿ, ಅದನ್ನೇ ಬಾಳಿ ನೋಡುವುದು. ಮೊದಲನೆಯ ಗುಣ ದೀನತೆ. ದೀನತೆ ಓದುವವರು ಹಬ್ಬದೂಟ ಹಾಕಿದರೆ ಚೆನ್ನಾಗಿರುವುದಿಲ್ಲ ಅಂತ ಇನ್ನೊಂದು ನಿರ್ಣಯವೂ ಆಯಿತು: ಇನ್ನು ಮೇಲೆ ಬರೀ ಚಹಾ, ತಲೆಗೆರಡು ಬಿಸ್ಕೀಟು. ಮೊದಲು ಕೈ ಎತ್ತಿದವಳು ನಾನು. ಪಾಠ ನಡೆಸುವ ಜವಾಬ್ದಾರಿಯೂ ನನ್ನದೇ. ಮೂರು ಬಣ್ಣದ ಪೆನ್ನಿನಲ್ಲಿ ಟಿಪ್ಪಣಿ ಬರೆದುಕೊಂಡೆ. ಸ್ವಾಮಿ ಮೊಣಕಾಲೂರಿ ಶಿಷ್ಯರ ಪಾದ ತೊಳೆದದ್ದನ್ನು ವಿವರಿಸುವಾಗ ನನಗೇ ಕಣ್ಣು ತುಂಬಿ ಬಂತು. ವೆಂಬ್ಲಿಯಿಂದ ಎಡ್ಜ್‌ವೇರ್‌ವರೆಗೆ ಹುಡುಕಿದರೂ ನನ್ನಷ್ಟು ದೀನಳು ಸಿಗಲಿಕ್ಕಿಲ್ಲ ಅಂತ ಆ ಸಂಜೆ ನನಗನ್ನಿಸಿದ್ದು ಸುಳ್ಳಲ್ಲ.

ಮೊದಲ ಪಾಳಿ ನಮ್ಮ ಮನೆಯದು. ಬಿಸ್ಕೀಟಿನ ಪುಡಿಕೆಯನ್ನು ಮೇಜಿನ ಮೇಲಿಟ್ಟು ನೋಡಿದೆ. ಮೇಜು ಬಿಕೋ ಅಂದಿತು. ಆಗ ನೆನಪಾಯಿತು, ನಮ್ಮ ಹುಬ್ಬಳ್ಳಿಯಲ್ಲಿ ಚಹಾ ಅಂದರೆ ಗಿರ್ಮಿಟ್ ಸೇರಿಯೇ ಲೆಕ್ಕ. ಚುರುಮುರಿಗೆ ಒಗ್ಗರಣೆ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಕಲಸಿದರೆ ಆಯಿತು. ಅದನ್ನು ಊಟ ಅಂತ ಯಾವ ಹುಚ್ಚರು ಕರೆಯುತ್ತಾರೆ? ಮಾಡಿದೆ. ಮಿರ್ಚಿ ಇಲ್ಲದೆ ಗಿರ್ಮಿಟ್ ಕೊಟ್ಟರೆ ಊರಿನ ಮಾನ ಹೋಗುತ್ತದೆ ಅಂತ ನಾಲ್ಕು ಮಿರ್ಚಿ ಭಜಿಯನ್ನೂ ಕರಿದೆ. ನಾಲ್ಕು ಅಂದರೆ ಮೂವತ್ತಾರು. ಮ್ಯಾಂಚೆಸ್ಟರಿನಲ್ಲಿರುವ ಮಗಳು ಫೋನಿನಲ್ಲಿ ಎಣ್ಣೆಯ ಸದ್ದು ಕೇಳಿಸಿಕೊಂಡು, "ಮಮ್, ಇಟ್ಸ್ ಎ ಬೈಬಲ್ ಸ್ಟಡಿ, ನಾಟ್ ಎ ವೆಡ್ಡಿಂಗ್" ಅಂದಳು. ನಾನು ಸಿಗ್ನಲ್ ಸರಿ ಇಲ್ಲ ಅಂತ ಇಟ್ಟುಬಿಟ್ಟೆ.

ಎರಡನೇ ವಾರ ಲೀನಾ ಅಕ್ಕ ಬಹಳ ಸಾಧುವಾದ ಮುಖ ಮಾಡಿಕೊಂಡು, "ಎಂತದೂ ಇಲ್ಲ ಮಾರಾಯ್ತಿ, ಬಿಸ್ಕೀಟೇ. ಅಂಗಡಿಯದ್ದು ಬೇಡ ಅಂತ ಮನೆಯಲ್ಲೇ ಮಾಡಿದೆ, ಅಷ್ಟೇ" ಅಂದರು. ಬಿಸ್ಕೀಟಿನ ಪಕ್ಕದಲ್ಲಿ ಬುಟ್ಟಿ ತುಂಬ ಬನ್ಸ್ ಇತ್ತು. ಬನ್ಸಿಗೆ ಚಟ್ನಿ ಇತ್ತು. ಚಟ್ನಿ ಖಾರವಾದರೆ ಅಂತ ಪಾಯಸವೂ ಇತ್ತು. ಮೂರನೇ ವಾರ ಹ್ಯಾರೋದವರು ಚಹಾದ ಜೊತೆ ಒಗ್ಗರಣೆ ಬಿರಿಯಾನಿ ಎಂಬ ಹೊಸ ಪದಾರ್ಥವನ್ನು ಕಂಡುಹಿಡಿದರು. ನಡುವೆ ದೀನತೆಯ ಪಾಠವೂ ಚೆನ್ನಾಗಿಯೇ ಸಾಗಿತ್ತು.

ನಾಲ್ಕನೇ ವಾರ ಕೊಲಿಂಡೇಲಿನ ಪಾಳಿ. ಶುಕ್ರವಾರ ಗುಂಪಿಗೆ ರೂತ್ ಮೆಸೇಜ್ ಹಾಕಿದಳು, ಮೈ ಸರಿ ಇಲ್ಲ, ಈ ವಾರ ಆಗುವುದಿಲ್ಲ ಅಂತ. ಅಯ್ಯೋ ಪಾಪ ಅಂದುಕೊಂಡು ನಾನು ಕೂಡಲೇ "ನಮ್ಮ ಮನೆಗೇ ಬನ್ನಿ" ಅಂದೆ. ಅಷ್ಟರಲ್ಲಿ ಹೆಸರುಬೇಳೆ ನೆನೆಹಾಕಿಯೂ ಆಗಿತ್ತು. ಮುಂದಿನ ವಾರವೂ ಆ ಜೋಡಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಹುಡುಗಿಯ ವಿಶ್ವಾಸ ಸಡಿಲವಾಗಿರಬೇಕು ಅಂತ ನಾನು ತೀರ್ಮಾನಿಸಿದೆ. ಎಲ್ಲರೆದುರು ಕಣ್ಣು ಮುಚ್ಚಿ, "ಕರ್ತನೇ, ನಿನ್ನ ವಾಕ್ಯದಿಂದ ದೂರ ಸರಿಯುತ್ತಿರುವ ಆ ಎಳೆಯ ಮಗಳನ್ನು ಹಿಡಿದು ನಿಲ್ಲಿಸು" ಅಂತ ಉದ್ದಕ್ಕೆ ಪ್ರಾರ್ಥಿಸಿದೆ. ಬಹಳ ಒಳ್ಳೆಯ ಪ್ರಾರ್ಥನೆ ಅಂತ ಹ್ಯಾರೋದವರು ಹೊಗಳಿದರು.

ಕರ್ತನು ಪ್ರಾರ್ಥನೆ ಕೇಳಿದ, ಆದರೆ ಹಿಡಿದು ನಿಲ್ಲಿಸಿದ್ದು ನನ್ನನ್ನು. ಆ ಮಂಗಳವಾರ ಕಿಂಗ್ಸ್‌ಬರಿಯ ಕಿರಾಣಿ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದೆ. ತಿರುಗಿ ನೋಡಿದರೆ ಫ್ರೀಜರಿನ ಹತ್ತಿರ ರೂತ್! ನನ್ನನ್ನು ಕಂಡವಳೇ ಬುಟ್ಟಿಯಲ್ಲಿದ್ದ ಫ್ರೋಜನ್ ಪರೋಟದ ಪ್ಯಾಕೆಟ್ಟನ್ನು ಕೋಟಿನ ಮರೆಗೆ ಮಾಡಿಕೊಂಡಳು. "ಯಾಕವ್ವಾ, ಏನಾಗೇತಿ? ಯಾಕ ಬರವಲ್ಲಿ?" ಅಂದೆ. ಅಷ್ಟೇ ಅಂದದ್ದು. ಹುಡುಗಿಯ ಕಣ್ಣಲ್ಲಿ ದಳದಳ ನೀರು. "ಆಂಟಿ, ನಂಗೆ ಅಡುಗೇನೇ ಬರಲ್ಲ. ಟೀ-ಬಿಸ್ಕೆಟ್ ಅಂದ್ರಲ್ಲ, ಅವತ್ತು ಎಷ್ಟು ಖುಷಿಯಾಗಿತ್ತು ಗೊತ್ತಾ? ಈಗ ನಮ್ಮನೆಗೂ ಕರೀಬಹುದು ಅಂದ್ಕೊಂಡೆ. ಆಮೇಲೆ ನಿಮ್ಮನೇಲಿ ಮಿರ್ಚಿ, ಅವರ ಮನೇಲಿ ಪಾಯಸ... ನಮ್ಮನೇಲಿ ಇರೋದೇ ನಾಲ್ಕು ತಟ್ಟೆ. ಯಾವ ಮುಖ ಇಟ್ಕೊಂಡು ಕರೀಲಿ? ಕರೆಯೋಕಾಗ್ದೆ ಇದ್ದೋರು ಬಂದು ತಿನ್ನೋಕೂ ನಾಚಿಕೆ." ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡಳು. "ಅಭಿಗೆ ಶಿಫ್ಟು. ನಾನು ವಾರವೆಲ್ಲ ಆ ಫ್ಲ್ಯಾಟಲ್ಲಿ ಒಬ್ಳೇ ಲ್ಯಾಪ್‌ಟಾಪ್ ಮುಂದೆ. ಶನಿವಾರ ಒಂದಿನ ಕನ್ನಡ ಕಿವಿಗೆ ಬೀಳ್ತಿತ್ತು, ಪ್ರಾರ್ಥನೆ ಮಾಡ್ತಿದ್ವಿ. ಅದೂ ಹೋಯ್ತು."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಹುಟ್ಟುಗುಣ ನೋಡಿ. ಬಾಯಿಂದ ಬಂದದ್ದೇನು? "ಅಷ್ಟಕ್ಕ ಅಳತಾರೇನು ಹುಚ್ಚಿ? ನಾನಽ ಎಲ್ಲಾ ಮಾಡ್ಕೊಂಡು ಬರ್ತೀನಿ, ನಿಮ್ಮನ್ಯಾಗ ಬಡಿಸಿದರಾತು!" ಅಂದೆ. ರೂತ್ ಥ್ಯಾಂಕ್ಸ್ ಆಂಟಿ ಅಂದಳು, ಆದರೆ ಮುಖ ಇನ್ನೂ ಸಣ್ಣದಾಯಿತು. ಬರ್ತೀನಿ ಅಂತ ಹೇಳದೆ ಹೊರಟುಹೋದಳು.

ಕಾರಿನಲ್ಲಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಎರಡು ಸಿಗ್ನಲ್ ದಾಟಿದರು. ಆಮೇಲೆ ಕೇಳಿದರು, "ಸ್ವಾಮಿ ಕಾಲ ತೊಳೀತೀನಿ ಅಂದಾಗ ಒಲ್ಲೆ ಅಂದ ಶಿಷ್ಯ ಯಾರು ಹೇಳು?" ಇದೇನು ಪರೀಕ್ಷೆ ಅಂತ ಸಿಟ್ಟು ಬಂತು. "ಪೇತ್ರ. ನಾನಽ ಅಲ್ಲೇನು ಪಾಠ ಮಾಡಿದಾಕಿ?" ಅಂದೆ. "ಹೌದು ಮತ್ತ. ನೀ ಎಲ್ಲಾರ ಕಾಲೂ ತೊಳೀತಿ. ನೀ ಯಾವಾಗ ಕಾಲ ಮುಂದ ಮಾಡಾಕಿ?" ಅಂದರು. ನಾನು ಆ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದೇನೆ. ಓದುವಾಗೆಲ್ಲ ಬೋಗುಣಿ ನನ್ನದು, ಟವೆಲ್ಲು ನನ್ನದು. ಕುರ್ಚಿಯಲ್ಲಿ ಕೂತು ಪಾದ ಚಾಚಬೇಕಾದವಳೂ ನಾನೇ ಇರಬಹುದು ಅಂತ ಮೂರು ಬಣ್ಣದ ಪೆನ್ನಿಗೂ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರ ಮಾತು ನನಗೆ ಹಿಡಿಸಿದ್ದು ಅದು ಎರಡನೆಯ ಸಲ. ಮೊದಲನೆಯದು ಮದುವೆಯ ಪ್ರತಿಜ್ಞೆ.

ಮನೆಗೆ ಬಂದವಳೇ ರೂತಳಿಗೆ ಮೆಸೇಜ್ ಮಾಡಿದೆ: "ತಪ್ಪು ನಂದವ್ವಾ. ಈ ಶನಿವಾರ ನಿಮ್ಮ ಮನಿಗೆ ಬರ್ತೀವಿ. ಬರಿಗೈಲೆ ಬರ್ತೀವಿ. ನೀ ಏನು ಕೊಡ್ತಿ ಅದನ್ನ ತಗೋತೀವಿ." ಅರ್ಧ ತಾಸು ಫೋನ್ ಹಿಡಿದೇ ಕೂತಿದ್ದೆ. ಕೊನೆಗೆ ಬಂತು ಉತ್ತರ: "ನಿಜವಾಗ್ಲೂ ಆಂಟಿ? ಬರೀ ಟೀ?" ಅದರ ಮುಂದೆ ಏಳೆಂಟು ನಗುಮುಖ. ಆಮೇಲಿನದು ಕಷ್ಟದ ಕೆಲಸ, ಲೀನಾ ಅಕ್ಕನಿಗೆ ಫೋನ್. ಇದನ್ನೆಲ್ಲ ಶುರು ಮಾಡಿದವಳು ನಾನೇ ಅಂತ ಒಪ್ಪಿಕೊಳ್ಳದೆ ಬರಿಗೈಲಿ ಬನ್ನಿ ಅನ್ನುವುದು ಹೇಗೆ? ಒಪ್ಪಿಕೊಂಡೆ. ಆ ಕಡೆಯಿಂದ ದೊಡ್ಡದೊಂದು ಉಸಿರು. "ಮಾರಾಯ್ತಿ, ನೀನು ಗಿರ್ಮಿಟ್ ಇಟ್ಟ ದಿನವೇ ನನಗೆ ಅಳು ಬಂದಿತ್ತು. ಬನ್ಸಿನ ಹಿಟ್ಟು ನಾದಿ ನಾದಿ ನನ್ನ ಭುಜ ಇನ್ನೂ ಮೇಲೆ ಏಳುದಿಲ್ಲ. ಜಿಪಿ ಡಾಕ್ಟರ್ ಹತ್ತಿರ ಹೋಗಿ ಎಂತ ಹೇಳುದು, ಬೈಬಲ್ ಓದಿ ಹೀಗಾಯ್ತು ಅಂತಲಾ?" ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಶನಿವಾರ ಬಂತು. ಕೊಲಿಂಡೇಲಿನ ಆ ಕಟ್ಟಡದ ಲಿಫ್ಟಿನಲ್ಲಿ ನಾನು, ನಮ್ಮ ಮನೆಯವರು, ಲೀನಾ ಅಕ್ಕ ಮೂವರೇ. ಒಂಬತ್ತನೇ ಮಹಡಿಗೆ ಹೋಗಬೇಕು. ಮೂರನೆಯದಕ್ಕೆ ಬರುವಷ್ಟರಲ್ಲಿ ಕರಿದ ಎಳ್ಳಿನ ವಾಸನೆ. ನಮ್ಮ ಮನೆಯವರು ಮೂಗು ಮೇಲೆ ಮಾಡಿ ಮೊದಲು ಲೀನಾ ಅಕ್ಕನ ಕೈಚೀಲ ನೋಡಿದರು, ಆಮೇಲೆ ನನ್ನದು. ಎರಡೂ ಬಸುರಿಯರ ಹಾಗೆ ಉಬ್ಬಿದ್ದವು. "ಏನೂ ಇಲ್ರೀ, ನಾಲ್ಕು ಚಕ್ಕುಲಿ" ಅಂದೆ ನಾನು. "ನಂದು ಬರೀ ಸಿಹಿ ಸುಕ್ರುಂಡೆ" ಅಂದರು ಲೀನಾ ಅಕ್ಕ ಬಾಗಿಲು ನೋಡುತ್ತ. ನಮ್ಮ ಮನೆಯವರು ಗ್ರೌಂಡ್ ಫ್ಲೋರಿನ ಗುಂಡಿ ಒತ್ತಿದರು. ಲಿಫ್ಟು ಹಟ ಮಾಡಿ ಒಂಬತ್ತಕ್ಕೆ ಹೋಗಿ, ಬಾಗಿಲು ತೆರೆದು, ನಮ್ಮನ್ನು ಇಳಿಸದೆಯೇ ಮುಚ್ಚಿಕೊಂಡು ಕೆಳಗೆ ಬಂತು. ಎರಡು ಡಬ್ಬಿಗಳೂ ಕಾರಿನ ಡಿಕ್ಕಿ ಸೇರಿದವು. ಒಬ್ಬಳು ನಿವೃತ್ತ ನರ್ಸ್, ಒಬ್ಬಳು ಪ್ರಾಧ್ಯಾಪಕರ ಹೆಂಡತಿ, ಕಳ್ಳಮಾಲು ಒಪ್ಪಿಸಿದವರ ಹಾಗೆ ಮತ್ತೆ ಲಿಫ್ಟ್ ಹತ್ತಿದೆವು.

ಪುಟ್ಟ ಕೋಣೆ. ಹನ್ನೆರಡು ಜನಕ್ಕೆ ನಾಲ್ಕು ಕುರ್ಚಿ. ಉಳಿದವರು ನೆಲದ ಮೇಲೆ. ನನಗೆ ಕುರ್ಚಿಯೇ ಬಂತು. ರೂತ್ ಮಗ್ಗುಗಳಲ್ಲಿ ಚಹಾ ತಂದಳು. ಸಾಲದೆ ಹೋದದ್ದಕ್ಕೆ ಅಭಿಷೇಕ್ ಅಳತೆಯ ಜಗ್ಗಿನಲ್ಲಿ ಕುಡಿದ. ಬ್ರೆಡ್ ಸುಟ್ಟು ಬೆಣ್ಣೆ-ಸಕ್ಕರೆ ಸವರಿದ್ದಳು, ಅಂಚು ಚೂರು ಕಪ್ಪಾಗಿತ್ತು. ಅಷ್ಟರಲ್ಲಿ ಒಳಗೆ ಎರಡನೇ ಸಲಕ್ಕೆ ಇಟ್ಟ ಹಾಲು ಬುಸ್ ಅಂತ ಉಕ್ಕಿದ ಸದ್ದು. ದೇವರೇ, ನನ್ನ ಕಾಲುಗಳು ತಾವಾಗಿಯೇ ಎದ್ದವು. ಒಲೆ ಒರೆಸಬೇಕು, ಪಾತ್ರೆ ನೆನೆಹಾಕಬೇಕು, ಇಲ್ಲದಿದ್ದರೆ ಕರಕಲು ಹತ್ತುತ್ತದೆ! ರೂತ್ ಬಾಗಿಲಲ್ಲಿ ನಿಂತು, "ಆಂಟಿ, ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ" ಅಂದಳು. ಕೂತೆ. ಹೇಳುತ್ತೇನೆ ಕೇಳಿ, ಎರಡೆರಡು ಪಾಳಿ ಡ್ಯೂಟಿ ಮಾಡಿದ್ದೇನೆ, ಹೆರಿಗೆ ಮಾಡಿಸಿದ್ದೇನೆ, ಅಷ್ಟು ಕಷ್ಟದ ಕೆಲಸ ಜೀವಮಾನದಲ್ಲಿ ಮಾಡಿರಲಿಲ್ಲ.

ಅವತ್ತಿನ ಭಾಗವನ್ನು ರೂತಳೇ ಓದಿದಳು. ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ, ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಅವಳು ಆರಿಸಿಕೊಂಡದ್ದು ಅದೇ, ಪಾದ ತೊಳೆದ ಕಥೆ. ನಮ್ಮ ಮನೆಯವರು ಹೇಳಿಕೊಟ್ಟರೋ ಅಂತ ಅವರ ಕಡೆ ನೋಡಿದೆ. ಅವರು ಛಾವಣಿ ನೋಡುತ್ತಿದ್ದರು. ಓದಿ ಮುಗಿಸಿ ರೂತ್ ತಲೆ ಎತ್ತಿದಳು. "ಪೇತ್ರಂಗೆ ಕಾಲು ಮುಂದೆ ಮಾಡೋಕೆ ತುಂಬಾ ಕಷ್ಟ ಆಗಿರ್ಬೇಕು, ಅಲ್ವಾ ಆಂಟಿ?" ನನ್ನ ಕೈಯಲ್ಲಿ ಅವಳು ಕೊಟ್ಟ ಚಹಾದ ಮಗ್ಗು. ಶುಂಠಿ ಜಾಸ್ತಿ, ಸಕ್ಕರೆ ಇನ್ನೂ ಜಾಸ್ತಿ. "ಭಾಳ ಕಷ್ಟ ಆಗಿತ್ತವ್ವಾ" ಅಂದೆ, ಮಗ್ಗು ಮುಂದೆ ಮಾಡಿದೆ. "ಇನ್ನೊಂದು ಕಪ್ ಚಹಾ ಕೊಡು." ಹುಡುಗಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಬಡಿಸುವ ಗಡಿಬಿಡಿ ಇಲ್ಲದ್ದಕ್ಕೋ ಏನೋ, ಅವತ್ತು ಓದೇ ಎರಡು ತಾಸು ನಡೆಯಿತು. ಹಾಡಿದೆವು, ನಕ್ಕೆವು, ಯಾರೂ ಪ್ರಾರ್ಥನೆಯ ನಡುವೆ ಆಮೆನ್ ಅನ್ನಲಿಲ್ಲ. ಹೊರಡುವಾಗ ರೂತ್ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು, "ಮುಂದಿನ ತಿಂಗಳೂ ನಮ್ಮನೆ ಪಾಳಿ ಇದೆ, ಮರೀಬೇಡಿ" ಅಂದಳು.

ಕಾರು ಹತ್ತಿದವಳಿಗೆ ಸಂತೋಷ ತಡೆಯಲಾಗಲಿಲ್ಲ. ಹುಬ್ಬಳ್ಳಿಯ ತಂಗಿಗೆ ಫೋನ್ ಮಾಡಿ, ಹಾಲು ಉಕ್ಕಿದರೂ ನಾನು ಹೇಗೆ ದೀನಳಾಗಿ ಕೂತಿದ್ದೆ ಅಂತ ಹೇಳಿದೆ. ಮಗಳಿಗೆ ಹೇಳಿದೆ. ಹ್ಯಾರೋದವರಿಗೂ ಮಾಡಿದೆ, ಅವರು ಅಲ್ಲೇ ಇದ್ದರು, ಆದರೂ ಸರಿಯಾಗಿ ಗಮನಿಸಿರಲಿಕ್ಕಿಲ್ಲ ಅಂತ. ನಾಲ್ಕನೇ ನಂಬರ್ ಹುಡುಕುತ್ತಿದ್ದಾಗ ನಮ್ಮ ಮನೆಯವರು, "ದೀನತಾದ ಸುದ್ದಿ ಇನ್ನೂ ಎಷ್ಟು ಮಂದಿಗೆ ಮುಟ್ಟಬೇಕು?" ಅಂದರು. "ಸುಮ್ಮನಿರ್ರಿ, ಸಾಕ್ಷಿ ಹೇಳಲಿಕತ್ತೀನಿ" ಅಂತ ಗದರಿಸಿ ಫೋನ್ ಕೆಳಗಿಟ್ಟೆ. ಇನ್ನು ಯಾರಿಗೂ ಹೇಳುವುದಿಲ್ಲ ಅಂತ ಅವರಿಗೆ ಮಾತೂ ಕೊಟ್ಟೆ. ಅವರು ಈಗ ಒಳಗೆ ಮಲಗಿದ್ದಾರೆ. ನಾನು ಅಡುಗೆಮನೆಯ ಮೇಜಿನ ಹತ್ತಿರ ಸದ್ದಿಲ್ಲದೆ ಕೂತು ಇದನ್ನು ಬರೆದು ಮುಗಿಸಿದೆ.