ಸನ್ಮಾನಕ್ಕೆ ಹೋದ ಪಶ್ಮೀನಾ

ಅಥವಾ ಅದು ಬಾದಾಮಿ ಬಣ್ಣದ್ದೇ ಇರಬಹುದು. ಬೂದು ಎಂದು ನಾನು ಹೇಳುತ್ತ ಬಂದಿದ್ದೇನೆ, ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕೇಳುವವರು ಬದಲಾದಂತೆ ಅದೂ ಬಣ್ಣ ಬದಲಿಸುತ್ತದೆ. ಖಚಿತವಾದದ್ದು ಇಷ್ಟೇ: ನನ್ನ ಹೆಂಡತಿ ಸುಮಂಗಲಾಳ ತೀರಿಹೋದ ತಾಯಿಯ ಕೈಮಗ್ಗದ ಪಶ್ಮೀನಾ ಶಾಲನ್ನು ನಾನು ಚಪ್ಪಾಳೆಗಳ ನಡುವೆ ಬೇರೊಬ್ಬರಿಗೆ ಹೊದಿಸಿಬಿಟ್ಟೆ.

ಇಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಒಬ್ಬರಿಗೆ ಶಾಲು ಹೊದಿಸದೆ ಏಳುವುದಿಲ್ಲ. ಹೊರಗೆ ಟೆಕ್ಸಸ್ ಬಿಸಿಲಿಗೆ ಕಾರಿನ ಸ್ಟಿಯರಿಂಗ್ ಮುಟ್ಟಲಾಗದಿದ್ದರೂ ಸರಿ. ಹಾಗೆ ಹೊದ್ದ ಶಾಲು ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ಮುಂದಿನ ಸನ್ಮಾನಕ್ಕೆ ಹೊರಡುತ್ತದೆ. ಡಾಲಸ್ ಪಕ್ಕದ ಮರ್ಫಿ ಊರಿನ ನಮ್ಮ ಮನೆಯ ಕ್ಲಾಸೆಟ್ಟಿನಲ್ಲಿ ಅಂಥವು ಒಂದು ಚೀಲ ತುಂಬ ಇದ್ದವು. ಡಾಲಸ್‌ನ ನಮ್ಮ ಪುಟ್ಟ ಕನ್ನಡ ಸಂಘದ ಕಾರ್ಯದರ್ಶಿಯಾದ ನಾನು ಕಾರ್ಯಕ್ರಮದ ದಿನ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡೆ. ಅದು ಚೀಲದಲ್ಲಿತ್ತೋ ಪಕ್ಕದಲ್ಲಿತ್ತೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಪಕ್ಷಗಳಿವೆ.

ಶಾಲು ಹೋದದ್ದು ತಿಳಿದಾಗ ಸುಮಂಗಲಾ ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕುತ್ತಿದ್ದೆ. "ಅವ್ವ ಸಾಯೂತನಕಾ ಅದನ್ನ ಹೊದ್ಕೊಂಡಿದ್ಲುರಿ," ಎಂದಳು ಅಷ್ಟೆ. ಆಮೇಲೆ ನಾನು ಪಶ್ಮೀನಾ ಬಗ್ಗೆ ಓದತೊಡಗಿದೆ. ಲಡಾಖಿನ ಮೇಕೆಯ ಒಳತುಪ್ಪುಳವಂತೆ. ಚರಕದಲ್ಲಿ ನೂತ ಎಳೆ ಯಂತ್ರದ ಮಗ್ಗದ ಎಳೆತ ತಡೆಯದಷ್ಟು ನಾಜೂಕಂತೆ. ಅದಕ್ಕೇ ಕೈಯಲ್ಲಿ ನೇಯುತ್ತಾರಂತೆ, ದಿನಗಟ್ಟಲೆ. ವರ್ಷಾನುಗಟ್ಟಲೆ ಕ್ಲಾಸೆಟ್ಟಿನಲ್ಲಿದ್ದಾಗ ಒಮ್ಮೆಯೂ ಮುಟ್ಟಿ ನೋಡದವನು, ಕಳೆದ ಮೇಲೆ ಪಂಡಿತನಾದೆ.

ಸನ್ಮಾನಿತರು ಹ್ಯೂಸ್ಟನ್ನಿನ ರಾಮಣ್ಣ ಅಂಕಲ್, ಅಲ್ಲಿನ ತೈಲ ಕಂಪನಿಗಳ ಎನರ್ಜಿ ಕಾರಿಡಾರ್‌ನಲ್ಲಿ ದುಡಿದು ನಿವೃತ್ತರಾದವರು. ನಾಲ್ಕು ಗಂಟೆ ಡ್ರೈವ್ ಮಾಡಿ ಹೋದರೆ, "ಆ ಮೆತ್ತನೇದಾ? ಹೋದ ವಾರ ಆಸ್ಟಿನ್ನಿನ ಸಂಗೀತದ ಟೀಚರ್‌ಗೆ ಹೊದಿಸಿಬಿಟ್ವಲ್ಲಪ್ಪ. ಅದರಲ್ಲಿ ಜರಿನೂ ಇರ್ಲಿಲ್ಲ. ಇದು ತಗೋ, ಜರಿ ಇದೆ," ಎಂದು ನನಗೇ ಒಂದು ಹೊದಿಸಿದರು. ಅದನ್ನು ಹೊದ್ದುಕೊಂಡೇ ಆಸ್ಟಿನ್ನಿಗೆ ಹೊರಟೆ.

ಸಂಗೀತದ ಲಲಿತಾ ಆಂಟಿ ಸೋಫಾದ ಮೇಲೆ ಹನ್ನೊಂದು ಶಾಲು ಹರಡಿದರು. ಬೂದು–ಬಾದಾಮಿಗಳ ನಡುವಿನ ಬಣ್ಣದವೇ ಮೂರು. "ನಿಮ್ಮನೆ ಶಾಲು ನಿಮಗೇ ಗೊತ್ತಾಗಲ್ವಾ?" ಎಂದರು. ಪಶ್ಮೀನಾ ಉಂಗುರದಲ್ಲಿ ತೂರುತ್ತದೆಂದು ಕೇಳಿದ್ದ ಅವರು ಬೆರಳಿನ ಉಂಗುರ ಬಿಚ್ಚಿದರು. ಮೂರೂ ತೂರಿದವು. ಒಂದಂತೂ ಪಾಲಿಯೆಸ್ಟರ್ ಎಂಬ ಚೀಟಿ ಹೊತ್ತುಕೊಂಡೇ ತೂರಿತು. ಉಳಿದವು ಎರಡು. ಸುಮಂಗಲಾಳಿಗೆ ಫೋನ್ ಮಾಡಿದೆ.

"ಒಂದು ಮೂಲ್ಯಾಗ ರಫೂ ಅದರಿ. ಇಲಿ ಕಡದಿತ್ತು, ಕಾಶ್ಮೀರದಾಂವ ಒಬ್ಬಾಂವ ಎಳಿ ಸೇರಿಸಿ ಕೊಟ್ಟಿದ್ದ."

"ಹೇಗೆ ಕಾಣತ್ತೆ?"

"ಕಾಣೂದಿಲ್ಲರಿ. ಕಂಡರ ಅದೆಂಥಾ ರಫೂ?"

ಎರಡನ್ನೂ ಬೇಡಲು ನಾಚಿಕೆಯಾಯಿತು. ಅಂಚು ತುಸು ಸೊಟ್ಟಗಿದ್ದದ್ದನ್ನು ಆರಿಸಿದೆ; ಸೊಟ್ಟಗಿದ್ದರೆ ಮನುಷ್ಯರ ಕೈಯದು ಎನ್ನುವಷ್ಟು ಓದಿದ್ದೆ.

ಮನೆಯಲ್ಲಿ ಸುಮಂಗಲಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ನಾಲ್ಕೂ ಮೂಲೆಗಳನ್ನು ಬೆರಳಲ್ಲಿ ತಡವಿದಳು. ಮೂರನೆಯ ಮೂಲೆಯಲ್ಲಿ ಬೆರಳು ನಿಂತಂತೆ ನನಗನ್ನಿಸಿತು; ನಾಲ್ಕನೆಯದೂ ಇರಬಹುದು. ಆಮೇಲೆ ಎ.ಸಿ. ಜೋರು ಮಾಡಿ ಹೊದ್ದು ಕೂತಳು.

"ಅದೇನಾ?" ಎಂದೆ.

"ರೊಟ್ಟಿ ಆರ್ತಾವ, ಊಟಕ್ಕ ಏಳ್ರಿ."

ಅದು ಅತ್ತೆಯ ಶಾಲು ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತೇ ಎಂಬುದೂ ಗೊತ್ತಿಲ್ಲ. ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಬಂದಿಲ್ಲ.